ಅಕ್ಕನಿಗೊಂದು ಹಡಗಿನ ಕಿಟಕಿ

"ಈ ಗಾಜನ್ನ ಹೊರಗಡೆಯಿಂದ ಒರೆಸೋರು ಯಾರು?"

ಕೇಳಿದ್ದು ತಮ್ಮ. ಕೇಳಿಸಿಕೊಳ್ಳಲು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿ ನಿಂತ ಗಾಜಿನ ಹಾಳೆಗಳಿದ್ದವು, ಮೇಜಿನ ಮೇಲೆ ಕಟ್ಟರ್ ಇತ್ತು, ಮರದ ಉದ್ದನೆಯ ಅಳತೆಪಟ್ಟಿ ಇತ್ತು, ಪಟ್ಟಿಯ ಕೆಳಗೆ ಹಡಗುಗಳ ಬಣ್ಣದ ಪುಸ್ತಕವೊಂದು ತೆರೆದುಕೊಂಡಿತ್ತು.

ಪುಸ್ತಕದ ನಡುಹಾಳೆಯಲ್ಲಿ ಹಡಗಿನ ಮೂತಿಯ ಮೇಲಿನ ದೊಡ್ಡ ಕೋಣೆಯ ಚಿತ್ರ. ನೆಲದಿಂದ ಸೂರಿನವರೆಗೂ ಗಾಜು. ಗಾಜಿನಾಚೆ ಬಿಳಿ ಬೆಟ್ಟ, ಬೆಟ್ಟದ ಬುಡಕ್ಕೆ ಕಪ್ಪು ನೀರು. ಬೇರೆ ಯಾರಾದರೂ ಆಗಿದ್ದರೆ ಬೆಟ್ಟ ನೋಡುತ್ತಿದ್ದರು. ತಮ್ಮ ಗಾಜು ನೋಡಿದ. ಮೂವತ್ತೆಂಟು ವರ್ಷ ಗಾಜು ಕೊಯ್ದು, ಚೌಕಟ್ಟಿಗೆ ಕೂರಿಸಿ, ಅಂಚಿಗೆ ಲಪ್ಪಂ ಮೆತ್ತಿ ಬಂದವನ ಕಣ್ಣು ಅದು. ಗಾಜು ದಾಟಿ ಆಚೆ ಹೋಗುವುದು ಅದಕ್ಕೆ ರೂಢಿಯಿರಲಿಲ್ಲ. ಇದು ಸಮುದ್ರದ ಮೇಲೆ ಓಡಾಡುವ ಗಾಜು. ಉಪ್ಪುನೀರು ಸಿಡಿಯುತ್ತದೆ, ಒಣಗುತ್ತದೆ, ಮತ್ತೆ ಸಿಡಿಯುತ್ತದೆ. ಮೂರು ದಿನ ಒರೆಸದೆ ಬಿಟ್ಟರೆ ಅದು ಹಾಲು ಬತ್ತಿದ ಪಾತ್ರೆಯ ತಳದಂತಾಗುತ್ತದೆ. ಅದರ ಹಿಂದೆ ಅಕ್ಕನನ್ನು ಕೂರಿಸಿ ಏನು ತೋರಿಸುವುದು?

ನೋಡಬೇಕಾದವಳು ಅಕ್ಕ. ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಭೂಗೋಳ ಹೇಳಿಕೊಟ್ಟವಳು. ಒದ್ದೆ ಚಾಕ್‌ಪೀಸನ್ನು ಅಡ್ಡ ಹಿಡಿದು ಕರಿಹಲಗೆಯ ಮೇಲೆ ಒಂದೇ ಎಳೆತಕ್ಕೆ ಹಿಮನದಿ ಇಳಿಸುತ್ತಿದ್ದಳು. ಚಾಕ್ ಒಣಗಿದಂತೆ ನದಿ ಬೆಳ್ಳಗಾಗುತ್ತಿತ್ತು, ಮಕ್ಕಳು ಬಾಯಿ ತೆರೆದು ಕಾಯುತ್ತಿದ್ದರು. ಆಮೇಲೆ ಪಾಠವನ್ನು ರಾಗವಾಗಿ ಹೇಳುವಳು, ಇಡೀ ತರಗತಿ ಅವಳ ಹಿಂದೆಯೇ ಹೇಳುವುದು: "ನೆತ್ತಿಯ ಮೇಲೆ ಬಿದ್ದ ಹಿಮ, ವರುಷ ವರುಷದ ಗಟ್ಟಿ ಹಿಮ, ತನ್ನ ಭಾರಕೆ ತಾನೆ ಜಾರಿ, ಕಡಲ ಕಡೆಗೆ ನಡೆವ ಹಿಮ." ರಾಗ ಮುಗಿದ ಮೇಲೆ ಒಂದು ಮಾತು ಸೇರಿಸುವಳು, ಹಳೆಯ ಹಿಮ ನೀಲಿಯಾಗಿರುತ್ತದೆ ಎಂದು. ಆಕೆ ನಿವೃತ್ತಳಾದ ವರ್ಷ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, "ಯಾವ ನೀಲಿ ಟೀಚರ್?"

ಅಕ್ಕ ಹಿಮನದಿಯನ್ನು ಕಣ್ಣಾರೆ ಕಂಡವಳಲ್ಲ. ಅವಳೂ ಪುಸ್ತಕದಲ್ಲಿ ಓದಿದ್ದಷ್ಟೇ. ಆ ಪ್ರಶ್ನೆ ಶಾಲೆಯಿಂದ ಅವಳ ಜೊತೆಗೆ ಮನೆಗೆ ಬಂತು, ಮನೆಯಲ್ಲೇ ಉಳಿಯಿತು. ಒಂದು ಸಲ ಹಡಗಿನಲ್ಲಿ ಹೋಗಿ ಹಿಮನದಿ ನೋಡಿಬರಬೇಕು ಎಂಬ ಮಾತು ಹುಟ್ಟಿದ್ದು ಆಮೇಲೆ.

ಈ ಚಳಿಗಾಲದಲ್ಲಿ ಅವಳ ಶ್ವಾಸಕೋಶ ಎರಡು ಸಲ ಕೆಟ್ಟಿತು. ಎರಡನೆಯ ಸಲ ಆಸ್ಪತ್ರೆಯಿಂದ ಹೊರಟಾಗ ಡಾಕ್ಟರು ತಮ್ಮನನ್ನು ಪಕ್ಕಕ್ಕೆ ಕರೆದರು. "ಹಡಗಲ್ಲಿ ಹೋಗೋದಾದ್ರೆ ಈ ಬೇಸಿಗೆಲೇ ಹೋಗಿಬಿಡಿ, ಮುಂದಿನ ವರ್ಷದ ಮಾತು ನಾನು ಹೇಳಲಾರೆ. ಆದರೆ ತಣ್ಣನೆ ಗಾಳಿ ಎದೆಗೆ ಹೋಗಬಾರದು. ಹೊರಗೆ ಒಂದು ಹೆಜ್ಜೆನೂ ಇಡಬಾರದು. ನೋಡೋದೆಲ್ಲ ಒಳಗಿಂದಲೇ."

ಒಳಗಿಂದಲೇ ಎಂದರೆ ಗಾಜಿನಿಂದಲೇ. ಆದ್ದರಿಂದ ಹಡಗು ಆರಿಸುವ ಕೆಲಸ ತನ್ನದು ಎಂದು ತಮ್ಮ ಆಗಲೇ ತೀರ್ಮಾನಿಸಿಬಿಟ್ಟ. ಅವನಿಗೆ ಐವತ್ತೆಂಟು. ಬೀದಿಗೆಲ್ಲ ಅವನು ಗಾಜಿನವರು. ಅವನನ್ನು ಪುಟ್ಟು ಎಂದು ಕರೆಯಲು ಉಳಿದಿದ್ದವಳು ಅಕ್ಕ ಒಬ್ಬಳೇ.

ಟ್ರಾವೆಲ್ಸ್ ಆಫೀಸಿನ ಮೇಡಂ ಮೂರು ಹಡಗುಗಳ ನಕ್ಷೆ ಹರಡಿಟ್ಟರು. ದಪ್ಪ ಕನ್ನಡಕದ, ಮಾತಿಗೆ ಮುಂಚೆ ನಗುವ ಹೆಂಗಸು.

"ಕ್ಯಾಬಿನ್ ಯಾವ ತರದ್ದು ಸರ್? ಬಾಲ್ಕನಿ ಇರೋದಾ?"

"ಬಾಲ್ಕನಿ ಬೇಡ. ಅಕ್ಕ ಹೊರಗೆ ಕಾಲಿಡೋ ಹಾಗಿಲ್ಲ."

"ಸರಿ. ಇನ್ನು ಡೈನಿಂಗ್ ಹಾಲ್—"

"ಊಟ ಇರಲಿ ಮೇಡಂ. ಈ ಗಾಜು ನೆಟ್ಟಗೆ ನಿಂತಿದೆಯಾ, ಹೊರಕ್ಕೆ ವಾಲಿದೆಯಾ?"

ಮೇಡಂ ಪೆನ್ನು ಕೆಳಗಿಟ್ಟರು. "ವಾಲಿದ್ರೆ ಏನಾಗುತ್ತೆ?"

"ನೆಟ್ಟಗಿದ್ರೆ ಬೆಟ್ಟ ನೋಡೋಕೆ ಹೋದೋರು ತಮ್ಮ ಮುಖ ನೋಡ್ಕೊಂಡು ಬರ್ತಾರೆ. ಮೇಲ್ತುದಿ ಹೊರಕ್ಕೆ ವಾಲಿದ್ರೆ ಮುಖದ ಬದಲು ಸೂರಿನ ನೆರಳು ಕಾಣುತ್ತೆ. ಸೂರಿಗೆ ಕಪ್ಪು ಬಳಿದು ದೀಪ ಆರಿಸಿದ್ರೆ ಅದೂ ಇಲ್ಲ, ಬರೀ ಬೆಟ್ಟ."

"ಮುಖ ನೋಡ್ಕೊಳ್ಳೋಕೇ ಹೋಗೋರೂ ಇದ್ದಾರೆ ಸರ್."

"ಇರ್ತಾರೆ. ಅಕ್ಕ ಆ ಪೈಕಿ ಅಲ್ಲ." ಅವನು ಜೇಬಿನಿಂದ ಚೀಟಿ ತೆಗೆದ. ಗಾಜಿಗೆ ಬಣ್ಣ ಹಾಕಿದ್ದಾರೋ, ತಿಳಿಗಾಜೋ. ಕಿಟಕಿಯಾಚೆ ಕಂಬಿ ಇದ್ದರೆ ನೆಲದಿಂದ ಎಷ್ಟು ಎತ್ತರ. ಕೂರುವ ಜಾಗದ ಎದುರಿಗೆ ಜೀವರಕ್ಷಕ ದೋಣಿ ನೇತುಹಾಕಿದ್ದಾರೋ. ಮತ್ತೆ, ಹೊರಗಡೆಯಿಂದ ಒರೆಸೋರು ಯಾರು, ದಿನಾ ಒರೆಸ್ತಾರಾ.

ಮೇಡಂ ಒಂದೊಂದನ್ನೂ ಬರೆದುಕೊಂಡರು. "ಹನ್ನೊಂದು ವರ್ಷದಿಂದ ಈ ಕುರ್ಚಿಲಿ ಕೂತಿದೀನಿ ಸರ್. ಈಜುಕೊಳ ಎಷ್ಟುದ್ದ ಅಂತ ಕೇಳಿದೋರಿದ್ದಾರೆ. ಕಿಟಕಿ ಒರೆಸೋರನ್ನ ವಿಚಾರಿಸಿದೋರು ನೀವೇ ಮೊದಲು. ಈಗ ನನಗೂ ತಿಳ್ಕೋಬೇಕು ಅನ್ನಿಸ್ತಿದೆ."

ವಾರದೊಳಗೆ ಉತ್ತರ ಬಂತು. ಮೊದಲನೆಯ ಹಡಗಿನದು ಬಿಸಿಲು ತಡೆಯುವ ಬಣ್ಣದ ಗಾಜು. ಎರಡನೆಯದು ಚಿತ್ರದಲ್ಲಿದ್ದ ದೊಡ್ಡ ಗಾಜಿನ ಕೋಣೆಯ ಹಡಗು, ತಿಳಿಗಾಜು, ಹೊರಕ್ಕೆ ವಾಲಿದ್ದು. ಮೂರನೆಯದು ಹಳೆಯದು, ಚಿಕ್ಕದು, ಅದರ ಕಿಟಕಿಗಳೂ ಸಾಧಾರಣ. ಒರೆಸುವ ವಿಷಯಕ್ಕೆ ಮೂರೂ ಕಡೆಯಿಂದ ಒಂದೇ ಉತ್ತರ: ಅದಕ್ಕೆ ಜನ ಇದ್ದಾರೆ.

"ಇದ್ದಾರೆ ಅಂತ ಎಲ್ಲರೂ ಹೇಳ್ತಾರೆ," ಎಂದ ತಮ್ಮ.

ಅವನ ಕೆಲಸದ ರೀತಿಯೇ ಬೇರೆ. ಕಾಗದದ ಮೇಲಿನ ಅಳತೆಯನ್ನು ಅವನು ನಂಬುವುದಿಲ್ಲ. ಯಾವ ಕಿಟಕಿಯಾದರೂ ಮೊದಲು ಅಂಗಡಿಯ ನೆಲದ ಮೇಲೆ ಚಾಕಿನಲ್ಲಿ ಇದ್ದಷ್ಟೇ ದೊಡ್ಡದಾಗಿ ಬರೆದು, ಸುತ್ತ ಓಡಾಡಿ, ಆಮೇಲೆ ಗಾಜಿಗೆ ಕಟ್ಟರ್ ಮುಟ್ಟಿಸುವುದು. ಹಡಗಿಗೂ ಹಾಗೆಯೇ ಮಾಡಿದ. ಮೇಜು ಗೋಡೆಗೆ ಸರಿಸಿ, ನೆಲ ಗುಡಿಸಿ, ಗಾಜಿನ ಕೋಣೆಯ ಒಂದು ಮೂಲೆ ಬರೆದ. ವಾಲಿಸಿದ ಚೌಕಟ್ಟಿಗೆ ಗಾಜು ಕೂರಿಸಿ ಬೀದಿಯ ಕಡೆಗೆ ನಿಲ್ಲಿಸಿದ. ಅದರಾಚೆ ಕಂಬಿಯ ಬದಲಿಗೆ ಒಂದು ಪೈಪು ಕಟ್ಟಿದ. ಅಕ್ಕನನ್ನು ಮನೆಯಿಂದ ಕರೆತಂದ.

ಅಕ್ಕ ಹೊಸ್ತಿಲಲ್ಲೇ ನಿಂತಳು. "ಇದರಲ್ಲಿ ಬಾಗಿಲು ಎಲ್ಲಿ?"

"ಗೆರೆ ಎಲ್ಲಿ ಬಿಟ್ಟಿದೀನೋ ಅಲ್ಲಿ."

ಅವಳು ಗೆರೆ ತುಳಿಯದೆ, ಬಿಟ್ಟ ಜಾಗದಿಂದಲೇ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಗಿಡ್ಡ ಆಳು, ಕಾಲು ನೆಲಕ್ಕೆ ಅರ್ಧಂಬರ್ಧ ತಾಗಿತು.

"ಏನು ಕಾಣುತ್ತೆ?"

"ಪೈಪು ಕಾಣುತ್ತೆ. ಸರಿಯಾಗಿ ನನ್ನ ಕಣ್ಣಿಗೆ ಅಡ್ಡ ಕೂತಿದೆ ಕಣೋ. ಮೇಲೆ ಆಕಾಶ, ಕೆಳಗೆ ರಸ್ತೆ, ನಡುವೆ ಇರಬೇಕಾದ ಮನೆ ಇಲ್ಲ."

ತಮ್ಮ ಒಂದು ದಿಂಬು ಮಡಿಸಿ ಅವಳ ಕೆಳಗಿಟ್ಟ. ನಾಲ್ಕು ಅಂಗುಲ ಏರಿದಳು. ಎದುರುಮನೆ ಪೈಪಿನ ಮೇಲೆ ಪೂರ್ತಿ ಎದ್ದು ಬಂತು. "ಹಾಂ," ಎಂದಳು, "ಈಗ ಊರು ಸರಿಹೋಯ್ತು." ದಿಂಬು ಹಡಗಿಗೆ ಬರುವುದೆಂದು ಅಲ್ಲೇ ನಿಶ್ಚಯವಾಯಿತು.

ಆಮೇಲೆ ಬಣ್ಣ. ಅವಳ ನೀಲಿ ಶಾಲನ್ನು ಆಚೆ ನೇತುಹಾಕಿ, ಮೊದಲು ಬಿಸಿಲು ತಡೆಯುವ ಗಾಜು ಹಿಡಿದ. ಶಾಲು ಪಾಚಿಯ ಬಣ್ಣಕ್ಕೆ ತಿರುಗಿತು. ಅಕ್ಕ ಎದ್ದು ಆಚೆ ಹೋಗಿ ಶಾಲು ಮುಟ್ಟಿ ನೋಡಿದಳು, ಅದು ತನ್ನದೇ ಹೌದೋ ಅಲ್ಲವೋ ಎಂಬಂತೆ. "ಇದರಲ್ಲಿ ನೋಡಿ ಬಂದು ಆ ಹುಡುಗಿಗೆ ಹಸಿರು ಅಂತ ಹೇಳಿಬಿಡ್ತಿದ್ದೆ," ಎಂದಳು. ಮೊದಲನೆಯ ಹಡಗು ಅಲ್ಲಿಗೆ ಬಿತ್ತು. ತಿಳಿಗಾಜಿನಲ್ಲಿ ಶಾಲು ಶಾಲಾಗಿಯೇ ಉಳಿಯಿತು. "ಎರಡನೇದೇ," ಎಂದ ತಮ್ಮ. "ಬೇರೆ ಮಾತೇ ಇಲ್ಲ."

ಆ ಹೊತ್ತಿಗೆ ಬೀರುವಿನ ಗಾಜು ಒಯ್ಯಲು ಪಕ್ಕದ ಬೀದಿಯ ಬಡಗಿ ಬಂದ. "ಏನ್ ಸಾರ್ ಇದು, ನಾಟಕಾನಾ?"

"ಹಡಗು."

"ನೀರೆಲ್ಲಿ?"

"ನಿನಗೆ ಗಾಜು ಕೊಟ್ಟು ಕಳಿಸಿದ ಮೇಲೆ ಬರುತ್ತೆ."

ಬಡಗಿ ನಕ್ಕು ಕುರ್ಚಿಯ ಕಡೆ ನೋಡಿದ. "ಟೀಚರ್, ನಾನೂ ಒಂದ್ಸಲ—" ಎನ್ನುವಷ್ಟರಲ್ಲಿ ಅಕ್ಕ ಎದ್ದು, ದಿಂಬನ್ನೂ ಸರಿಮಾಡಿಕೊಟ್ಟು, ಪಕ್ಕಕ್ಕೆ ನಿಂತಿದ್ದಳು. ಬಡಗಿ ಕಾಲು ಗಂಟೆ ಕೂತ. ತಮ್ಮ ಗಾಜಿನ ಮೇಲೊಂದು ಬೆರಳಚ್ಚು ಕಂಡು ಒರೆಸುತ್ತಿದ್ದ, ಇದನ್ನೆಲ್ಲ ಗಮನಿಸಲಿಲ್ಲ.

ಅಕ್ಕ ಹೀಗೆ ಎದ್ದುಕೊಡುವುದನ್ನು ಗಮನಿಸಿದವರು ಮೇಡಂ. ಅರ್ಜಿಗೆ ಸಹಿ ಹಾಕಿಸಲು ತಾವೇ ಮರುದಿನ ಸಂಜೆ ಅಂಗಡಿಗೆ ಬಂದರು. "ಸಹಿ ಒಂದು ನೆಪ," ಎಂದರು, "ನಿಮ್ಮ ಹಡಗು ನೋಡೋಣ ಅಂತ." ಅವರೂ ಗೆರೆ ಬಿಟ್ಟ ಜಾಗದಿಂದಲೇ ಒಳಗೆ ಬಂದರು. ಅಕ್ಕ ಎದ್ದಳು. "ಬನ್ನಿ, ಕೂತ್ಕೊಳ್ಳಿ."

"ನಾನು ಕೇಳೇ ಇಲ್ವಲ್ಲ ಟೀಚರ್."

"ನೋಡೋಕೆ ಬಂದಿದೀರಿ. ಕೂತ್ರೇನೇ ಸರಿಯಾಗಿ ಕಾಣೋದು."

ಮೇಡಂ ಕೂರಲಿಲ್ಲ. ಅಕ್ಕನನ್ನು ನೋಡಿದರು, ಖಾಲಿ ಕುರ್ಚಿಯನ್ನು ನೋಡಿದರು. "ಸರ್, ಆ ದೊಡ್ಡ ಕೋಣೆಗೆ ಎಷ್ಟು ಗಾಜು?"

"ನಲವತ್ತೆರಡು," ಎಂದ ತಮ್ಮ ತಡವಿಲ್ಲದೆ.

"ಎಷ್ಟು ಕುರ್ಚಿ?"

ತಮ್ಮನ ಕೈಯಲ್ಲಿದ್ದ ಬಟ್ಟೆ ನಿಂತಿತು. ಎರಡು ವಾರದಿಂದ ಆ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದ್ದ. ಗಾಜು ಎಣಿಸಿದ್ದ, ಗಾಜಿನ ನಡುವಿನ ಪಟ್ಟಿ ಎಣಿಸಿದ್ದ. ಕುರ್ಚಿಯ ಕಡೆ ಅವನ ಕಣ್ಣು ಹೋಗಿರಲಿಲ್ಲ.

"ಎಪ್ಪತ್ತು," ಎಂದರು ಮೇಡಂ. "ಹಡಗಲ್ಲಿ ಎರಡು ಸಾವಿರ ಜನ. ಹಿಮನದಿ ಬರೋ ದಿನ ಎಲ್ಲರೂ ಅಲ್ಲಿಗೇ ನುಗ್ತಾರೆ. ಫೋಟೋ ತೆಗೀತೀನಿ ಸ್ವಲ್ಪ ಏಳಿ, ಮಗು ನೋಡ್ಬೇಕು ಸ್ವಲ್ಪ ಏಳಿ, ಹೀಗೇ. ನಿಮ್ಮ ಗಾಜಲ್ಲಿ ತಪ್ಪಿಲ್ಲ ಸರ್. ಆದರೆ ಟೀಚರ್ ಎದ್ದುಬಿಡ್ತಾರೆ."

ತಮ್ಮ ಅಕ್ಕನ ಕಡೆ ತಿರುಗಿದ. ಅವಳು ಕುರ್ಚಿಯ ಬೆನ್ನು ಹಿಡಿದು, ಯಾರದೋ ವಿಷಯ ಎಂಬಂತೆ ನಿಂತಿದ್ದಳು. ಹಾಗೆ ನಿಂತ ಅಕ್ಕನನ್ನು ಅವನು ಮೊದಲೊಮ್ಮೆ ಕಂಡಿದ್ದ. ಅವನಿಗೆ ಆರು, ಅವಳಿಗೆ ಹದಿಮೂರು. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳದು. ಅವನು ರಚ್ಚೆ ಹಿಡಿದ, ಅವಳು ಎದ್ದುಕೊಟ್ಟಳು, ದಾರಿಯುದ್ದಕ್ಕೂ ಸೀಟಿನ ಬೆನ್ನು ಹಿಡಿದು ನಿಂತಳು. ಒಂದು ತಿರುವಿನಲ್ಲಿ ಸಮುದ್ರ ಕಂಡು ಮರೆಯಾಯಿತು. ಕಂಡದ್ದು ಅವನಿಗೆ. "ಹೇಗಿತ್ತೋ?" ಎಂದು ಅವಳು ಕೇಳಿದಳು. "ದೊಡ್ಡದು," ಎಂದಿದ್ದ ಅವನು. ಅಷ್ಟೇ ಹೇಳಿದ್ದ.

"ಹಾಗಾದ್ರೆ ಯಾವ ಹಡಗು?" ಎಂದ ತಮ್ಮ. ದನಿ ಸಣ್ಣಗಾಗಿತ್ತು.

ಮೇಡಂ ಮೂರನೆಯ ಹಡಗಿನ ನಕ್ಷೆ ತೆಗೆದು ಗಾಜಿನ ಹಾಳೆಯ ಮೇಲೆ ಬಿಡಿಸಿದರು. "ಇದರಲ್ಲಿ ನಾನೇ ಹೋಗಿದೀನಿ, ಆಫೀಸಿಂದ ಕಳಿಸಿದ್ರು. ದೊಡ್ಡ ಗಾಜಿನ ಕೋಣೆ ಇಲ್ಲ. ಆದರೆ ಚಿಕ್ಕ ಚಿಕ್ಕ ಜಾಗ ತುಂಬ. ಇಸ್ಪೀಟ್ ಕೋಣೆ, ಮೆಟ್ಟಿಲ ತಿರುವು, ಲೈಬ್ರರಿ. ಜನ ಹಂಚಿಹೋಗ್ತಾರೆ. ಐದನೇ ಡೆಕ್ಕಲ್ಲಿ ಲೈಬ್ರರಿಯ ಕೊನೇ ಕಪಾಟು ದಾಟಿದ್ರೆ ಇಲ್ಲೊಂದು ಸಂದಿ. ಆಚೆಯಿಂದ ನೋಡಿದ್ರೆ ಗೋಡೆ ಮುಗೀತು ಅನ್ನಿಸುತ್ತೆ. ಒಂದು ಕಿಟಕಿ, ಒಂದು ಕುರ್ಚಿ. ನಾಲ್ಕು ದಿನ ಅಲ್ಲೇ ಕೂತು ಕಾಗದ ಬರೆದೆ, ಒಬ್ಬರೂ ಬರಲಿಲ್ಲ."

"ಗಾಜು?"

"ನಾನೇನು ಬಲ್ಲೆ ಸರ್. ಆಚೆಯ ಹಕ್ಕಿ ಕಾಣ್ತಿತ್ತು."

ತಮ್ಮ ನಕ್ಷೆಯ ಮೇಲೆ ಬೆರಳಿಟ್ಟ. "ಇದು ಎಡಗಡೆ. ಹಿಮನದಿ ಬಲಗಡೆ ಬಂದ್ರೆ?"

ಉತ್ತರ ಬಂದದ್ದು ಅಕ್ಕನಿಂದ. "ಬರಲಿ. ಅಲ್ಲಿ ಕಡಲು ಬೆಟ್ಟದೊಳಗೆ ಚಾಚಿದ ಸಣ್ಣ ನಾಲಗೆ ಇದ್ದ ಹಾಗೆ, ಮುಂದೆ ದಾರಿ ಇಲ್ಲ. ಹಡಗು ಹಿಂದಿರುಗಬೇಕಾದ್ರೆ ನಿಂತಲ್ಲೇ ಒಂದು ಸುತ್ತು ತಿರುಗಲೇಬೇಕು. ಎಡದವರಿಗೂ ಕಾಣುತ್ತೆ, ಬಲದವರಿಗೂ ಕಾಣುತ್ತೆ. ಕೂತವರು ಕೂತೇ ಇರಬೇಕು, ಅಷ್ಟೇ."

"ಕೂತೇ ಇರಬೇಕು," ಎಂದು ಮೇಡಂ ಹೇಳಿದರು, ಅವಳ ಮುಖವನ್ನೇ ನೋಡುತ್ತ.

ಮೂರನೆಯ ಹಡಗಿಗೆ ಸಹಿಯಾಯಿತು.

ಹೊರಡಲು ಇನ್ನೂ ಒಂದು ತಿಂಗಳಿತ್ತು. ತಮ್ಮ ನೆಲದ ಗೆರೆ ಅಳಿಸಿ, ಸಂದಿ ಬರೆದ. ಸಂಜೆ ಅಂಗಡಿ ಮುಚ್ಚುವ ಮುಂಚೆ ಅಕ್ಕನನ್ನು ಅದರಲ್ಲಿ ಕೂರಿಸಿ ಅಭ್ಯಾಸ ಮಾಡಿಸುವನು. ತಾನೇ ಪ್ರಯಾಣಿಕನಾಗಿ ಗೆರೆಯ ಹೊರಗಿನಿಂದ ಬರುವನು.

"ಅಮ್ಮಾ, ಸ್ವಲ್ಪ ಏಳ್ತೀರಾ, ಒಂದೇ ಒಂದು ಫೋಟೋ."

"ಅದಕ್ಕೇನಂತೆ, ಬನ್ನಿ."

"ಅಕ್ಕಾ."

"ಒಂದೇ ಫೋಟೋ ತಾನೇ ಕಣೋ. ಪಾಪ."

ಇನ್ನೊಂದು ದಿನ ಅವನು ಕುಂಟುತ್ತ ಬಂದ. "ಮಂಡಿ ನೋವು ತಾಯಿ, ನಿಲ್ಲೋಕಾಗಲ್ಲ."

"ಯಾವ ಮಂಡಿ?"

"ಯಾವುದಾದ್ರೇನು? ಇಲ್ಲ ಅನ್ನು."

"ಎರಡು ದಿನದಿಂದ ನೀನು ನಿಜವಾಗ್ಲೂ ಕುಂಟ್ತಾ ಇದ್ದೀಯ, ಅದಕ್ಕೆ ಕೇಳಿದೆ. ಎಣ್ಣೆ ಹಚ್ಚಿದೆಯಾ?"

ಮೂರನೆಯ ವಾರಕ್ಕೆ ಇಲ್ಲ ಎನ್ನುವುದನ್ನು ಕಲಿತಳು. ಆದರೆ ಅದನ್ನು ಎದ್ದು ನಿಂತು ಹೇಳುತ್ತಿದ್ದಳು. ದೊಡ್ಡವರ ಜೊತೆ ಕೂತು ಮಾತಾಡುವುದು ಹೇಗೆ ಎಂಬಂತೆ, "ಇಲ್ಲ" ಎನ್ನುತ್ತ ಕುರ್ಚಿಯಿಂದ ಏಳುವಳು. ತಮ್ಮ ತಲೆಯ ಮೇಲೆ ಕೈ ಹೊತ್ತು ಗಾಜಿನ ಪೆಟ್ಟಿಗೆಯ ಮೇಲೆ ಕೂತ. ಅಕ್ಕ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವುದಕ್ಕೆ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹಡಗಿನ ಸಂದಿ ಮೇಡಂ ಹೇಳಿದಂತೆಯೇ ಇತ್ತು. ಕಪಾಟು, ಗೋಡೆ, ಗೋಡೆಯ ಹಿಂದೆ ಕುರ್ಚಿ. ತಮ್ಮ ಮೊದಲು ಗಾಜಿಗೆ ಹೋದ. ಹಡಗಿನಲ್ಲಿ ಬೆಂಕಿಕಡ್ಡಿ ಗೀರುವಂತಿರಲಿಲ್ಲ, ಕಿಸೆಯ ಪುಟ್ಟ ಟಾರ್ಚು ಹಿಡಿದು ಗಾಜಿನೊಳಗೆ ಮೂಡಿದ ಬೆಳಕಿನ ಚುಕ್ಕಿಗಳನ್ನು ಎಣಿಸಿದ. ಗಾಜಿನ ಒಂದೊಂದು ಮೈಗೂ ಒಂದು ಚುಕ್ಕಿ. ನಾಲ್ಕು ಚುಕ್ಕಿ, ಎಂದರೆ ಎರಡು ಪದರ. ಬಣ್ಣವಿಲ್ಲ. ಗಾಜು ನೆಟ್ಟಗಿತ್ತು, ಆದರೆ ತಲೆಯ ಮೇಲೆ ದೀಪವಿರಲಿಲ್ಲ. ಅಕ್ಕ ದಿಂಬಿಟ್ಟು ಕೂತಳು.

ಮೊದಲ ದಿನ ಮಗುವಿಗೆ ಹಾಲು ಕುಡಿಸಲು ಜಾಗ ಹುಡುಕುತ್ತಿದ್ದ ತಾಯಿಗೆ ಎದ್ದುಕೊಟ್ಟಳು. ಎರಡನೆಯ ದಿನ ಪೇಪರು ಹಿಡಿದ ಮುದುಕರೊಬ್ಬರು ದಾರಿ ತಪ್ಪಿ ಬಂದರು. ಅವರು ದಿಂಬಿನ ಮೇಲೆ ಕೂತು, ಪೇಪರು ಮುಖಕ್ಕೆ ಮುಚ್ಚಿ, ಎರಡು ಗಂಟೆ ಗೊರಕೆ ಹೊಡೆದರು. ಅಕ್ಕ ಕಪಾಟಿಗೊರಗಿ ನಿಂತಿದ್ದಳು.

"ಅಕ್ಕಾ, ನಾಳೆ ಹಿಮನದಿ."

"ಗೊತ್ತು."

"ನಾಳೆ ಯಾರಾದ್ರೂ ಕೇಳಿದ್ರೆ?"

"ನೋಡೋಣ."

"ನೋಡೋಣ ಅಲ್ಲ ಅಕ್ಕಾ. ನಾಳೆ ಒಂದೇ ದಿನ."

ಅವಳು ದಿಂಬಿನ ಮೂಲೆಗಳನ್ನು ಎಳೆದು ಸರಿಮಾಡಿದಳು.

ಬೆಳಿಗ್ಗೆ ತಮ್ಮ ಮುಂಚೆಯೇ ಹೋದ. ಕಿಟಕಿಯಾಚೆ ಹಗ್ಗದಲ್ಲಿ ಒಬ್ಬ ನೇತಾಡುತ್ತಿದ್ದ. ಕಿವಿ ಮುಚ್ಚುವ ಟೋಪಿ, ಉದ್ದ ಕೋಲಿನ ಕುಂಚ, ನೀರಿನ ಕೊಳವೆ. ಮೇಲಿನಿಂದ ಕೆಳಕ್ಕೆ ಎಳೆದ, ರಬ್ಬರಿನ ಅಂಚಿನಿಂದ ನೀರು ಇಳಿಸಿದ, ಮೂಲೆಗಳನ್ನು ಬಟ್ಟೆಯಿಂದ ಒತ್ತಿದ. ಮೂಲೆ ಬಿಡದವನು, ಕೆಲಸ ಬಲ್ಲವನು. ತಮ್ಮ ಒಳಗಿನಿಂದ ಗಾಜಿಗೆ ಎರಡು ಬೆರಳು ತಟ್ಟಿ ಕೈ ಎತ್ತಿದ. ಆಚೆಯವನು ಒಂದು ಕ್ಷಣ ನೋಡಿ, ತಾನೂ ಕೈ ಎತ್ತಿ, ಮುಂದಿನ ಕಿಟಕಿಗೆ ಸರಿದ.

ಆಮೇಲೆ ತಮ್ಮ ಜೇಬಿನಿಂದ ಟೇಪಿನ ಸುರುಳಿ ತೆಗೆದ. ಹೊಸ ಗಾಜು ಕೂರಿಸಿದ ಮೇಲೆ, ಯಾರೂ ಡಿಕ್ಕಿ ಹೊಡೆಯದಿರಲಿ ಎಂದು ಅದರ ಮೇಲೆ ಅಡ್ಡಡ್ಡ ಅಂಟಿಸುವ ಟೇಪು. ಅಕ್ಕ ಬಂದು ಕೂತ ಕೂಡಲೆ ಕಪಾಟಿನಿಂದ ಗೋಡೆಗೆ ದೊಡ್ಡ ಅಡ್ಡ ಗುರುತು ಅಂಟಿಸಿ, ಕೈಯಲ್ಲಿ ಅಳತೆಯ ಟೇಪು ಹಿಡಿದು, ಬಾಗಿಲ ಕಡೆಗೆ ಮುಖ ಮಾಡಿ ನಿಂತ. ಕ್ಯಾಮೆರಾ ಹೊತ್ತ ಗಂಡಹೆಂಡಿರು ಬಂದರು. "ಇಲ್ಲಿ ಗಾಜಿನ ಕೆಲಸ ನಡೀತಿದೆ," ಎಂದ. ಹೋದರು. ನಿನ್ನೆಯ ಮುದುಕರು ಪೇಪರಿನೊಂದಿಗೆ ಬಂದರು. "ಗಾಜಿನ ಕೆಲಸ ತಾತ, ಗಾಳಿ ಬರುತ್ತೆ," ಎಂದ. ಅವರೂ ಹೋದರು. ಪೂರ್ತಿ ಸುಳ್ಳೇನಲ್ಲ ಎಂದುಕೊಂಡ.

ಎಂಜಿನ್ನಿನ ಸದ್ದು ಇಳಿಯಿತು. ಮೇಲಿನ ಡೆಕ್ಕಿನಲ್ಲಿ ಓಡಾಡುವ ಕಾಲುಗಳು ಕೇಳಿಸಿದವು. ಕಾಲಡಿಯ ನೆಲ ನಿಧಾನವಾಗಿ ತಿರುಗತೊಡಗಿತು. ಹಿಂದಿನಿಂದ ಅಕ್ಕನ ದನಿ ಬಂತು, ತರಗತಿಯ ಅದೇ ರಾಗ, ತೀರ ಮೆಲ್ಲಗೆ: "ನೆತ್ತಿಯ ಮೇಲೆ ಬಿದ್ದ ಹಿಮ, ವರುಷ ವರುಷದ ಗಟ್ಟಿ ಹಿಮ, ತನ್ನ ಭಾರಕೆ ತಾನೆ ಜಾರಿ—"

ಅಲ್ಲಿಗೆ ನಿಂತಿತು. ಮೂವತ್ನಾಲ್ಕು ವರ್ಷದಲ್ಲಿ ಅದು ಅಲ್ಲಿ ನಿಂತಿರಲಿಲ್ಲ.

ದೂರದಲ್ಲಿ ಏನೋ ಸೀಳಿದ ಸದ್ದಾಯಿತು. ದೊಡ್ಡ ಹಾಳೆ ಗಾಜು ಕಟ್ಟರ್ ಎಳೆದ ಗೆರೆಯುದ್ದಕ್ಕೂ ಬಿಟ್ಟುಕೊಂಡಾಗ ಬರುವ ಸದ್ದು, ಅದರ ಸಾವಿರಪಟ್ಟು. ತಮ್ಮ ತಿರುಗಿದ. ಅವನು ನಿಂತ ಕಡೆಯಿಂದ ಕಂಡದ್ದು ಚೌಕಟ್ಟಿನ ಅಂಚು, ಅಕ್ಕನ ನರೆತ ತುರುಬು, ಹೆಗಲ ಮೇಲಿನ ಶಾಲು. ಶಾಲಿನ ನೀಲಿಯ ಮೇಲೆ ಇನ್ನೆಲ್ಲಿಂದಲೋ ಬಂದ ಬೆಳಕು ಬಿದ್ದಿತ್ತು.

"ಯಾವ ನೀಲಿ ಅಕ್ಕಾ?"

ಅವಳ ಉಸಿರಿಗೆ ಗಾಜು ಮಂಜಾಗಿತ್ತು, ಶಾಲಿನ ತುದಿಯಿಂದ ಒರೆಸಿದಳು.

ತಮ್ಮ ಹತ್ತಿರ ಹೋದ. ಕುರ್ಚಿಯ ಬೆನ್ನು ಹಿಡಿದು ಬಗ್ಗಿದ, ಸಂದಿ ಕಿರಿದು, ಅವಳ ತಲೆ ಅಡ್ಡ ಬಂತು. ಪಕ್ಕಕ್ಕೆ ಓರೆಯಾದ, ಗೋಡೆ ತಡೆಯಿತು. ಇಷ್ಟು ದಿನ ಗಾಜನ್ನಷ್ಟೇ ನೋಡಿದ್ದವನಿಗೆ ಈಗ ಅದರಾಚೆ ಇರುವುದನ್ನು ನೋಡದೆ ಇರಲಾಗಲಿಲ್ಲ.

"ಅಕ್ಕಾ, ಸ್ವಲ್ಪ ಏಳೇ. ಎರಡೇ ನಿಮಿಷ. ನಾನೂ ಒಂದ್ಸಲ ನೋಡ್ತೀನಿ."

ಅಕ್ಕನ ಎರಡು ಕೈಗಳೂ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದವು. ಅವಳು ತಿರುಗಲಿಲ್ಲ.

"ಇಲ್ಲ ಪುಟ್ಟು," ಎಂದಳು. "ನಾನು ಏಳಲ್ಲ."